ಲಿಫ್ಟಿನ ಹಾಡಿನ ಎರಡನೇ ದನಿ

ಏಪ್ರಿಲ್ 3

ಹೀಗಾಗಿ ಆ ಜಾಕೆಟ್ಟಿನ ವಿಷಯ ನಿನ್ನೆ ಅರ್ಧಕ್ಕೇ ನಿಂತಿತು. ಹಾಳೆ ಮುಗಿದಿತ್ತು, ಇನ್ನೊಂದು ತೆಗೆಯಲು ಬೇಸರವಾಗಿ ಲಕೋಟೆ ಅಂಟಿಸಿಬಿಟ್ಟೆ. ಈಗ ಕೇಳು. ಕಾರ್ಯಕ್ರಮದ ಪೋಸ್ಟರಿನಲ್ಲೂ ಆ ಹಾಡುಗಾರ ಅದೇ ಜಾಕೆಟ್ ಹಾಕಿದ್ದಾನೆ. ಕನ್ನಡಿ ಚೂರು ಹೊಲಿದದ್ದು, ಭುಜಕ್ಕೆ ಎರಡು ದಿಂಬು ತುರುಕಿದ್ದು. ಮೂವತ್ತೆಂಟು ವರ್ಷದ ಹಿಂದೆ ಸ್ಟುಡಿಯೋದಲ್ಲಿ ನಾವೆಲ್ಲ ಅವನನ್ನು ಝಗಮಗ ಎಂದು ಕರೆಯಲು ಶುರುಮಾಡಿದ್ದು ಆ ಜಾಕೆಟ್ಟಿನಿಂದಲೇ. ಆಗ ಅದರೊಳಗೆ ಒಬ್ಬ ಸಣಕಲ ಮನುಷ್ಯನಿದ್ದ. ಈಗ ಯಾರೋ ಸೋಫಾಕ್ಕೆ ಕವರ್ ಹೊಲಿಸಿದಂತಿದೆ. ಕೂದಲು ಮಾತ್ರ ಅಂದಿನಷ್ಟೇ ಕಪ್ಪು, ಅಂದಿಗಿಂತ ದಟ್ಟ. ತಲೆ ಅವನದೇ, ಕೂದಲು ಯಾರದೋ. ಕೆಳಗೆ ದಪ್ಪಕ್ಷರದಲ್ಲಿ, 'ಮತ್ತೆ ಬರುತ್ತಿದ್ದಾರೆ!' ಹೋದಾಗ ಅತ್ತವರು ಯಾರು, ಈಗ ಬಾ ಎಂದು ಕರೆದವರು ಯಾರು? ಐ ಬೆಗ್ ಟು ಆಸ್ಕ್.

ಮೇ ಇಪ್ಪತ್ತೆರಡಕ್ಕೆ, ದೊಡ್ಡ ಸಭಾಂಗಣದಲ್ಲಿ, ಸಂಜೆ ಏಳಕ್ಕೆ. ಅದಕ್ಕಾಗಿಯೇ ಮೊನ್ನೆ ಕಾರ್ಯಕ್ರಮ ನಡೆಸುವ ಕಂಪನಿಯವಳೊಬ್ಬಳು ಮನೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತು, "ಅಂಕಲ್, ಆ ಕಾಲದಲ್ಲಿ ಟೇಪ್ ಓಡಿಸ್ತಿದ್ದ ರೆಕಾರ್ಡಿಸ್ಟ್ ನೀವೇನಾ?" ಅಂದಳು.

"ಓಡಿಸ್ತಿದ್ದೆ. ಅದು ಓಡಿಹೋಯ್ತು" ಎಂದೆ.

ನಗಲಿಲ್ಲ. ಈಗಿನವರಿಗೆ ಹಾಸ್ಯವನ್ನು ಫೋನಿನಲ್ಲೇ ತೋರಿಸಬೇಕು. 'ಲಿಫ್ಟಿನಲ್ಲಿ ಸಿಕ್ಕ ಪ್ರೀತಿ' ಹಾಡಿನ ಮೂಲ ಟೇಪಿನ ಸ್ಪೂಲ್ ನನ್ನ ಹತ್ತಿರ ಇದೆಯಂತೆ ಎಂದು ಯಾರೋ ಹೇಳಿದ್ದಾರೆ. ಇದೆ. ಕ್ಯಾಸೆಟ್ ಕಂಪನಿ ಬಾಗಿಲು ಹಾಕಿದ ದಿನ ಎಲ್ಲ ಸ್ಪೂಲನ್ನೂ ಗುಜರಿಯವನಿಗೆ ತೂಕಕ್ಕೆ ಹಾಕುತ್ತಿದ್ದರು, ಇದೊಂದನ್ನು ನಾನು ಸ್ಕೂಟರಿನ ಡಬ್ಬಿಯಲ್ಲಿಟ್ಟುಕೊಂಡು ಬಂದೆ. ಅದರಲ್ಲಿ ವಾದ್ಯ ಬೇರೆ, ಝಗಮಗನ ದನಿ ಬೇರೆ, ಎರಡನೇ ದನಿ ಬೇರೆ. ಅವನ ದನಿ ಮುಚ್ಚಿ ಮಿಕ್ಕದ್ದನ್ನು ಹಿನ್ನೆಲೆಯಲ್ಲಿ ಓಡಿಸಿದರೆ ಅವನು ಮುಂದೆ ನಿಂತು ಹಾಡುತ್ತಾನಂತೆ. "ಒರಿಜಿನಲ್ ಫೀಲ್ ಬರತ್ತೆ ಅಂಕಲ್."

ಆ ಎರಡನೇ ದನಿ ನಿನ್ನಕ್ಕನದು, ನನ್ನನ್ನು ಮದುವೆಯಾಗುವ ಮೊದಲಿನದು. ಕ್ಯಾಸೆಟ್ಟಿನ ಕವರ್ ನಿನಗೆ ನೆನಪಿರಬೇಕು. ಹಾಡಿದವನ ಹೆಸರಿತ್ತು, ಬರೆದವನದಿತ್ತು, ಜಾಕೆಟ್ ಹೊಲಿದ ಟೈಲರನ ಹೆಸರೂ ಇತ್ತು. ನಿನ್ನಕ್ಕನ ಹೆಸರಿರಲಿಲ್ಲ. ನೂರು ದಿನದ ಸಮಾರಂಭದಲ್ಲಿ ಝಗಮಗ ವೇದಿಕೆಯ ಮೇಲೆ ಅರ್ಧ ಗಂಟೆ ಮಾತಾಡಿದ, ತನ್ನ ನಾಯಿಗೂ ಥ್ಯಾಂಕ್ಸ್ ಹೇಳಿದ. ಅವಳು ಮೂರನೇ ಸಾಲಿನಲ್ಲಿ ಕೂತಿದ್ದಳು. ಆಮೇಲೆ ಅವಳು ಹಾಡಲೇ ಇಲ್ಲ. ಕಾಸ್ ಅಂಡ್ ಎಫೆಕ್ಟ್.

ಯೋಚನೆ ಮಾಡಿ ಹೇಳ್ತೀನಿ ಎಂದು ಆ ಕಂಪನಿಯವಳನ್ನು ಕಳಿಸಿದ್ದೇನೆ. ನೀನೇನು ಹೇಳುತ್ತೀ? ನಿನಗೆ ಕಿವಿ ಹೋದ ಮೇಲೆ ಶುರುವಾದ ಈ ಕಾಗದದ ಚಾಳಿ ಒಂದು ಲೆಕ್ಕಕ್ಕೆ ಒಳ್ಳೆಯದೇ. ಫೋನಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನೀನು ಹತ್ತು ಸಲ ಬಾಯಿ ಹಾಕುತ್ತಿದ್ದೆ.

◆

ಏಪ್ರಿಲ್ 9

ಭಾವ,

ಎರಡೂ ಕಾಗದ ಒಟ್ಟಿಗೇ ಬಂದವು. ಜಾಕೆಟ್ಟಿಗೆ ಒಂದೂವರೆ ಪುಟ, ಅಕ್ಕನಿಗೆ ಆರು ಸಾಲು. ಎಣಿಸಿದೆ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ.

ಟೇಪ್ ಕೊಡುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಒಂದು ಕೇಳುತ್ತೇನೆ. ಅಕ್ಕ ಹೋಗಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನೀವು ಆ ಟೇಪ್ ಹಾಕಿ ಅವಳ ದನಿ ಕೇಳಿದ್ದೀರಾ? ಹೌದು ಅಥವಾ ಇಲ್ಲ, ಅಷ್ಟೇ ಬರೆಯಿರಿ. ಇಂಗ್ಲಿಷ್ ಬೇಡ.

ನಿಮ್ಮ ಅಕ್ಷರ ಸಾಲು ಬಿಟ್ಟು ಇಳಿಯುತ್ತಿದೆ. ಕನ್ನಡಕದ ನಂಬರ್ ಬದಲಾಗಿರಬೇಕು. ಯಾರಿಗಾದರೂ ತೋರಿಸಿ.

◆

ಏಪ್ರಿಲ್ 14

ಕನ್ನಡಕ ನೆಟ್ಟಗಿದೆ, ಮೇಜೇ ಸೊಟ್ಟ. ಇರಲಿ. ಅವನೇ ಬಂದಿದ್ದ! ಇನ್ ಫ್ಲೆಶ್ ಅಂಡ್ ಬ್ಲಡ್, ಅದರಲ್ಲೂ ಫ್ಲೆಶ್ಶೇ ಹೆಚ್ಚು.

ಮೆಟ್ಟಿಲು ಹತ್ತಿ ಬಂದವನು ಐದು ನಿಮಿಷ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಬಿಸಿಲಿಲ್ಲದ ಕಡೆಯೂ ಕಪ್ಪು ಕನ್ನಡಕ. ಗುರುತು ಹಿಡಿದು ಯಾರಾದರೂ ಮೈಮೇಲೆ ಬಿದ್ದಾರು ಎಂಬ ಭಯವಿರಬೇಕು. ಕೆಳಗಿನ ಇಸ್ತ್ರಿಯವನು ಅವನನ್ನು ನೋಡಿ ಮೀಟರ್ ಓದುವವನು ಎಂದುಕೊಂಡನಂತೆ.

"ಟೇಪಣ್ಣ! ನೀವು ಹಾಗೇ ಇದೀರಲ್ರೀ!"

"ನೀವು ಎರಡಾಗಿದೀರ" ಎಂದೆ.

ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡ. ಕೂತ. ನನ್ನ ಒಂದೇ ಒಳ್ಳೆಯ ಕುರ್ಚಿ ನರಳಿತು. ಗೋಡೆಯ ಮೇಲೆ ನಿನ್ನಕ್ಕನ ಫೋಟೋ ನೋಡಿದ. "ಮನೆಯವ್ರಾ? ಯಾವಾಗ?" ಎಂದ. ಮೂರು ವರ್ಷ ಎಂದೆ. "ಛೆ" ಎಂದ. ಅಷ್ಟೇ! ಒಂದು ಛೆ. ಯಾರ ದನಿ ಹಿಡಿದುಕೊಂಡು ಮೇಲೆ ಹತ್ತಿದನೋ ಅವಳ ಮುಖ ಕಣ್ಣೆದುರು ನೇತಾಡುತ್ತಿದ್ದರೂ ಗುರುತಿಲ್ಲದವನ ಹಾಗೆ ನಟಿಸಿ ನೀರು ಕೇಳಿದ. ಬಿಸಿನೀರು. ಗಂಟಲಿಗಂತೆ.

"ಅಭ್ಯಾಸ ನಡೀತಿದೆಯಾ?" ಎಂದು ಕೇಳಿದೆ.

"ಕೆಳಗಿನ ಸ್ವರ ಮಾತ್ರ ಗುನುಗ್ತೀನಿ. ಮೇಲಿಂದೆಲ್ಲ ಸ್ಟೇಜಿಗೆ ಅಂತ ಎತ್ತಿಟ್ಟಿದೀನಿ, ಟೇಪಣ್ಣ. ಸುಮ್ನೆ ಖರ್ಚು ಮಾಡಬಾರದು."

"ರೆಕಾರ್ಡಿನ ಶ್ರುತೀಲೇ ಹಾಡ್ತೀರಾ?"

"ಮತ್ತೆ? ಜನ ಅದಕ್ಕೇ ತಾನೇ ಬರೋದು? ಒಂದು ಎಳೆ ಕೆಳಗೆ ಹಾಡಿದ್ರೂ ಮುದುಕ ಆದ ಅಂತಾರೆ."

ಆಗಲೇ ನನಗೆ ಹೊಳೆದದ್ದು. ಇದನ್ನು ನಿನ್ನೊಬ್ಬಳಿಗೆ ಹೇಳುತ್ತಿದ್ದೇನೆ, ಸ್ಟ್ರಿಕ್ಟ್ಲಿ ಕಾನ್ಫಿಡೆನ್ಷಿಯಲ್. ಆ ಶ್ರುತಿಯಲ್ಲಿ ಅವನು ಜನ್ಮದಲ್ಲಿ ಒಮ್ಮೆಯೂ ಹಾಡಿಲ್ಲ. ಕಂಪನಿಯ ಯಜಮಾನನಿಗೆ ಎಳೆಯ ದನಿ ಬೇಕಿತ್ತು. ನಮ್ಮ ಮಷೀನಿನಲ್ಲಿ ವೇಗದ ಗುಂಡಿಯೊಂದಿತ್ತು. ಗಾಯಕರು ಹಾಡುವಾಗ ಟೇಪನ್ನು ಸ್ವಲ್ಪ ನಿಧಾನ ಓಡಿಸುವುದು. ಆಮೇಲೆ ಸರಿಯಾದ ವೇಗಕ್ಕೆ ತಂದರೆ ಬಲೂನಿಗೆ ಗಾಳಿ ಹಾಕಿದಂತೆ ದನಿ ಮೇಲೇರುತ್ತದೆ, ಹತ್ತು ವರ್ಷ ಚಿಕ್ಕದಾಗುತ್ತದೆ. ಹಾಡುವವರಿಗೆ ಹೇಳುವಂತಿರಲಿಲ್ಲ. "ತಾಳ ಎಳೀತಿದೆಯಲ್ಲ?" ಎಂದು ಅವನು ಒಮ್ಮೆ ಕೇಳಿದ್ದ. "ಹೆಡ್‌ಫೋನಲ್ಲಿ ಹಾಗೇ ಕೇಳ್ಸೋದು" ಎಂದೆ. ನಂಬಿದ! ಆಮೇಲೆ ವೇದಿಕೆಗಳಲ್ಲಿ ಕೀಬೋರ್ಡಿನವನು ಸದ್ದಿಲ್ಲದೆ ಶ್ರುತಿ ಇಳಿಸಿಕೊಂಡು ನುಡಿಸುತ್ತಿದ್ದ. ಅದೂ ಈ ಪುಣ್ಯಾತ್ಮನ ಕಿವಿಗೆ ಬೀಳಲಿಲ್ಲ. ಅಂಥ ಕಿವಿ ಇಟ್ಟುಕೊಂಡು ಹಾಡುಗಾರ!

ಈ ಸಲ ಶ್ರುತಿ ಇಳಿಸಲು ಕೀಬೋರ್ಡಿನವನಿಲ್ಲ. ಹಿಂದೆ ಓಡುವುದು ನನ್ನ ಟೇಪು, ಸರಿಯಾದ ವೇಗದಲ್ಲಿ. 'ಮೇಲೆ, ಇನ್ನೂ ಮೇಲೆ' ಎಂಬ ಸಾಲು ಬಂದಾಗ ಮೂರು ಸಾವಿರ ಜನರ ಮುಂದೆ ಅವನ ಗಂಟಲು ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತದೆ. ನಿನ್ನಕ್ಕನ ದನಿ ಆರಾಮವಾಗಿ ಮೇಲೆ ಹೋಗುತ್ತದೆ, ಅವನು ಕೆಳಗೆ ಬಾಯಿ ತೆರೆದು ನಿಂತಿರುತ್ತಾನೆ. ಟೇಪ್ ಕೊಡುತ್ತೇನೆ ಎಂದುಬಿಟ್ಟೆ. ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡ. ಕನ್ನಡಕ ತೆಗೆದಿದ್ದ, ಆ ನೀರು ನಿಜದ್ದೇ ಎಂದು ನಾನು ನೋಡಲಿ ಎಂದು.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ಯಾಕೆ ಕೇಳಬೇಕು? ಮನಸ್ಸಿನಲ್ಲಿ ಇದೆಯಲ್ಲ.

◆

ಏಪ್ರಿಲ್ 20

ಭಾವ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಆ ಹಾಡು ರೇಡಿಯೋದಲ್ಲಿ ಮೊದಲು ಬಂದಾಗ ನಿಮಗಿನ್ನೂ ಮದುವೆಯಾಗಿರಲಿಲ್ಲ. ಆವತ್ತು ನೀವೂ ನಮ್ಮ ಮನೆಯಲ್ಲೇ ಇದ್ದಿರಿ, ಕಿಟಕಿ ಪಕ್ಕದ ಮಂಚದ ಮೇಲೆ. ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಅಕ್ಕನ ಸಾಲು ಬಂತು. ನಾವೆಲ್ಲ ಕೂಗಿದೆವು. ಅಕ್ಕ ಮಾತ್ರ ರೇಡಿಯೋ ಕಡೆ ನೋಡಿ, "ಯಾರೇ ಇದು?" ಅಂದಳು. ತಮಾಷೆ ಅಂತ ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಎಲ್ಲರಿಗಿಂತ ಜೋರಾಗಿ.

ಅವಳು ತಮಾಷೆ ಮಾಡಿರಲಿಲ್ಲ. ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುವಾಗ ನನಗೆ ಹೇಳಿದಳು: "ನನ್ನ ದನಿ ಸಾಲದು ಅನ್ನಿಸಿರಬೇಕು ಅವರಿಗೆ. ಅದಕ್ಕೇ ಏನೋ ಮಾಡಿ ಸರಿಮಾಡಿದಾರೆ. ಮೊದಲೇ ಹೇಳಿದ್ರೆ ನಾನು ಹಾಡ್ತಾನೇ ಇರಲಿಲ್ಲ." ಅವರು ಅಂದರೆ ಯಾರು ಭಾವ? ಹೇಗೆ ಮಾಡಿದ್ದು ಅಂತ ಅವಳಿಗೆ ಗೊತ್ತಿರಲಿಲ್ಲ, ಯಾರು ಅಂತ ಗೊತ್ತಿತ್ತು. ಟೇಪಿನ ಮೇಲೆ ಕೈ ಇದ್ದದ್ದು ಒಬ್ಬರದೇ. ನೀವಾಗಿ ಹೇಳುತ್ತೀರಿ ಅಂತ ಕಾದಳು. ಆಮೇಲೆ ಯಾರು ಕರೆದರೂ ಗಂಟಲು ಸರಿಯಿಲ್ಲ ಅಂದಳು. ನೂರು ದಿನದ ಸಮಾರಂಭ ಅದಾದ ಮೇಲಿನ ಮಾತು. ಅಲ್ಲಿ ತನ್ನ ಹೆಸರು ಹೇಳಲಿಲ್ಲ ಅಂತ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಸದ್ಯ" ಅಂದಳು. ಪಕ್ಕದಲ್ಲಿ ನಾನಿದ್ದೆ.

ಆದರೂ ನಿಮ್ಮನ್ನು ಮದುವೆಯಾದಳು, ಮೂವತ್ತೈದು ವರ್ಷ ನಿಮ್ಮ ಬಾಯಿಂದ ಆ ಮನುಷ್ಯನ ಮೇಲಿನ ಬೈಗುಳ ಕೇಳಿಕೊಂಡು ಇದ್ದಳು. ಅದನ್ನು ನೀವು ಪ್ರೀತಿ ಅಂದುಕೊಂಡಿರಿ. ಪ್ರೀತಿಯೇ ಇರಬಹುದು. ಆದರೆ ನಿಮ್ಮ ತಪ್ಪನ್ನು ಪಕ್ಕಕ್ಕಿಟ್ಟು ಅವನ ಗಂಟಲು ಒಡೆಯಲು ಹೋಗಬೇಡಿ. ಅವಳ ದನಿಯನ್ನು ಬಡಿಗೆ ಮಾಡಿಕೊಳ್ಳಬೇಡಿ.

◆

ಮೇ 5

ನಿನ್ನ ಕಾಗದ ತಲುಪಿದೆ. ರಿಸೀವ್ಡ್ ಅಂಡ್ ನೋಟೆಡ್.

ಮೂವತ್ತೆಂಟು ವರ್ಷದ ಹಿಂದಿನ ಒಣಗಿದ ಬಟ್ಟೆಯ ಮಾತನ್ನು ನೀನು ಇವತ್ತು ಮಡಿಸಿ ನನಗೆ ಕಳಿಸಿದ್ದೀ. ಇಷ್ಟು ದಿನ ಯಾವ ಪೆಟ್ಟಿಗೆಯಲ್ಲಿಟ್ಟಿದ್ದೆ? ಅವಳಿಗೆ ನನ್ನ ಮೇಲೆ ಕೋಪವಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ? ಪಲ್ಯದಲ್ಲಿ ಉಪ್ಪು ಹೆಚ್ಚಾದರೆ ನನಗೆ ಅವಳ ಕೋಪ ತಿಳಿಯುತ್ತಿತ್ತು. ಆ ಕಾಲದಲ್ಲಿ ಎಲ್ಲ ಸ್ಟುಡಿಯೋದಲ್ಲೂ ಅದನ್ನೇ ಮಾಡುತ್ತಿದ್ದರು. ನಾನು ನೌಕರ. ಗುಂಡಿ ತಿರುಗಿಸು ಎಂದರು, ತಿರುಗಿಸಿದೆ.

ಮತ್ತೆ, ಅವಳ ದನಿ ಸಾಲದು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಹಾಗೆ ಹೇಳಿದವರ ನಾಲಿಗೆ ಸೀಳಬೇಕು.

ನಿನ್ನ ಅಂಗಡಿಯ ವ್ಯಾಪಾರ ಚೆನ್ನಾಗಿ ನಡೆಯಲಿ.

◆

ಮೇ 10

ಭಾವ,

ಟೇಪ್ ಹಾಕಿ ಕೇಳಿ. ಗುಂಡಿ ತಿರುಗಿಸಿ, ಅವಳು ಹಾಡಿದ ವೇಗದಲ್ಲೇ. ನಾನು ಕೇಳಲಾರೆ, ಅದಕ್ಕೆ ಹೇಳುತ್ತಿದ್ದೇನೆ. ಕೇಳಿ ನನಗೆ ಬರೆಯಿರಿ, ಹೇಗಿತ್ತು ಅಂತ.

◆

ಮೇ 22

ಇದನ್ನು ಸಭಾಂಗಣದಲ್ಲೇ ಕೂತು ಬರೆಯುತ್ತಿದ್ದೇನೆ, ಕಡೆಯ ಸಾಲಿನ ಹಿಂದೆ, ಮಿಕ್ಸರ್ ಇಟ್ಟಿರುವ ಮೇಜಿನ ಮೂಲೆಯಲ್ಲಿ. ಹನ್ನೆರಡು ದಿನ ಉತ್ತರ ಬರೆಯಲಿಲ್ಲ ಎಂದು ಮುನಿಸಿಕೊಳ್ಳಬೇಡ. ಮುನಿಸಿಕೊಂಡರೂ ಸರಿಯೇ, ಈಗ ನನಗೆ ಅದು ಅಭ್ಯಾಸವಾಗಬೇಕು.

ನಿನ್ನ ಎರಡು ಸಾಲು ಬಂದ ದಿನವೇ ಕಪಾಟಿನ ಮೇಲಿಂದ ಮಷೀನ್ ಇಳಿಸಿದೆ. ವೇಗದ ಗುಂಡಿಯ ಪಕ್ಕ ನಾನೇ ಪೆನ್ಸಿಲಿನಲ್ಲಿ ಹಾಕಿದ್ದ ಗೀರು ಇನ್ನೂ ಇತ್ತು. ಅಲ್ಲಿಗೆ ತಿರುಗಿಸಿ ನಿನ್ನಕ್ಕನ ದನಿಯೊಂದನ್ನೇ ಹಾಕಿ ಕೇಳಿದೆ.

ಹೇಗಿತ್ತು ಎಂದು ಕೇಳಿದ್ದೀ. ಬರೆಯಲು ನೋಡುತ್ತೇನೆ. ದಪ್ಪ ದನಿ. ಸ್ವಲ್ಪ ಒರಟು, ಒಗೆದು ಇಸ್ತ್ರಿ ಮಾಡದ ಹತ್ತಿಯ ಹಾಗೆ. ಸಾಲಿಗೆ ಮೊದಲು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತದೆ. 'ಮೇಲೆ' ಎನ್ನುವಲ್ಲಿ ಅವಳು ಮೇಲಕ್ಕೆ ಹಾರುವುದಿಲ್ಲ, ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹತ್ತುತ್ತಾಳೆ. ರೇಡಿಯೋದಲ್ಲಿದ್ದದ್ದು ಯಾವುದೋ ಪೀಪಿ. ಇದು ಹಾಲಿನವನನ್ನು ಕೂಗುತ್ತಿದ್ದವಳು, ನಿನ್ನನ್ನು ಗದರುತ್ತಿದ್ದವಳು, ಆಸ್ಪತ್ರೆಯಲ್ಲಿ ಕಡೆಗೆ "ಫ್ಯಾನ್ ಸಣ್ಣ ಮಾಡ್ರೀ" ಅಂದವಳು. ಆ ದನಿಯಲ್ಲಿ ಸರಿಮಾಡುವಂಥದ್ದು ಏನೂ ಇರಲಿಲ್ಲ. ಗುಂಡಿ ತಿರುಗಿಸು ಎಂದು ಯಜಮಾನ ಹೇಳಿದ್ದು ನಿಜ. ಆದರೆ ಅವನು ಹೇಳಿದ್ದು ಝಗಮಗನ ದನಿಗೆ ಮಾತ್ರ. ಇದನ್ನು ನಾನು ಯಾರಿಗೂ ಹೇಳಿಲ್ಲ. ಅವಳ ಸಾಲನ್ನು ಬೇರೆ ದಿನ ರೆಕಾರ್ಡ್ ಮಾಡಿದ್ದು. ಸರಿಯಾದ ವೇಗದಲ್ಲೇ ತೆಗೆಯಬಹುದಿತ್ತು. ಅವಳೂ ರೇಡಿಯೋದಲ್ಲಿ ಬರುವವರ ಹಾಗೆ ಕೇಳಿಸಲಿ ಎಂದು ನಾನೇ ತಿರುಗಿಸಿದೆ. ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ, ಮೂರ್ಖ.

ಆಮೇಲೆ ಝಗಮಗನ ದನಿಯನ್ನೂ ಹಾಕಿ ಕೇಳಿದೆ, ಬೈಯಲು ಏನಾದರೂ ಸಿಗಲಿ ಎಂದು. ಸಿಗಲಿಲ್ಲ! ಇದನ್ನು ಬರೆಯಲು ನನಗೆ ಹೇಸಿಗೆಯಾಗುತ್ತಿದೆ. ಕತ್ತೆ ಚೆನ್ನಾಗಿಯೇ ಹಾಡಿತ್ತು.

ಇವತ್ತು ಮಧ್ಯಾಹ್ನ ಮಷೀನನ್ನು ಆಟೋದಲ್ಲಿ ಹಾಕಿಕೊಂಡು ಇಲ್ಲಿಗೆ ಬಂದೆ. ಅವನು ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದ. ಜಾಕೆಟ್ ಕುರ್ಚಿಯ ಬೆನ್ನಿಗಿತ್ತು, ಕೂದಲು ಮಡಿಲಲ್ಲಿತ್ತು. ಹೇಳಿಬಿಟ್ಟೆ. ಗುಂಡಿ, ಗೀರು, ಹೆಡ್‌ಫೋನಿನ ಸುಳ್ಳು, ಎಲ್ಲ. ಇವತ್ತು ಅವನನ್ನು ಬೀಳಿಸಬೇಕೆಂದಿದ್ದೆ ಎಂಬುದನ್ನೂ ಹೇಳಿದೆ.

ಅವನು ಲೋಟ ಕೆಳಗಿಟ್ಟ. "ಅಂದ್ರೆ ಆ ಶ್ರುತೀಲಿ ನಾನು ಯಾವತ್ತೂ ಹಾಡೇ ಇಲ್ವಾ?"

"ಇಲ್ಲ."

"ಎರಡು ತಿಂಗಳಿಂದ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಒದ್ದಾಡ್ತಿದೀನಿ, ಟೇಪಣ್ಣ. ಒಂದ್ಸಲಾನೂ ಮೇಲೆ ಹೋಗ್ತಿಲ್ಲ. ಸ್ಟೇಜಿಗೆ ಎತ್ತಿಟ್ಟಿದೀನಿ ಅಂತ ನಿಮ್ಮ ಹತ್ರ ಸುಳ್ಳು ಹೇಳ್ದೆ. ಇವತ್ತು ಬೆಳಿಗ್ಗೆ ಜ್ವರ ಅಂತ ಹೇಳಿ ಓಡಿಹೋಗೋಣ ಅಂತಿದ್ದೆ." ಆಮೇಲೆ ನಗಲು ಶುರುಮಾಡಿದ. ಎಂಥ ನಗು, ಕುರ್ಚಿ ಅಲ್ಲಾಡಿತು. "ಮೂವತ್ತೆಂಟು ವರ್ಷ, ಹಳೇ ನಾನೇ ಅಂದ್ಕೊಂಡು ಯಾರದೋ ದನಿಗೆ ಹೊಟ್ಟೆ ಉರ್ಕೊಂಡಿದೀನಲ್ರೀ!"

ಗೀರಿಗೆ ತಿರುಗಿಸಿ ಓಡಿಸಿದೆವು. ಹಾಡು ನಿಧಾನ, ಭಾರ. ಕುಣಿಯುವವರಿಗೆ ಒಗ್ಗುವುದಿಲ್ಲ. ಅವನು ಕೂತಲ್ಲೇ ಕಣ್ಣು ಮುಚ್ಚಿ ಹಾಡಿದ. ಎಲ್ಲೂ ಒಡೆಯಲಿಲ್ಲ. ಗಂಟಲು ಈಗ ತುಸು ಒರಟು, ಆದರೆ ಅವಳ ದನಿಯ ಪಕ್ಕ ಅದು ಹೊಂದುತ್ತದೆ. ಅವಳ ಸಾಲು ಬಂದಾಗ ತಾನು ನಿಲ್ಲಿಸಿ ಕೇಳಿದ. ಮುಗಿದ ಮೇಲೆ, "ಈ ಹೆಣ್ಣುಮಗಳನ್ನ ಆಮೇಲೆ ಯಾಕೆ ಕರೀಲಿಲ್ಲ ಕಂಪನಿಯವ್ರು? ಎಲ್ಲಿದಾರೆ ಈಗ?" ಎಂದ.

ಅವನಿಗೆ ಗೊತ್ತೇ ಇರಲಿಲ್ಲ. ಅವಳು ಬೇರೆ ದಿನ ಹಾಡಿದವಳು. ಅವನು ಅವಳನ್ನು ನೋಡಿಯೇ ಇರಲಿಲ್ಲ. ನಮ್ಮ ಮದುವೆಗೆ ನಾನು ಅವನನ್ನು ಕರೆದಿರಲಿಲ್ಲ. ಗೋಡೆಯ ಮೇಲಿನ ಫೋಟೋ ಅವನಿಗೆ ಬರೀ ಫೋಟೋ. ಯಾರೆಂದು ಹೇಳಿದೆ. ಈ ಸಲ ಛೆ ಎನ್ನಲಿಲ್ಲ. ತಲೆ ತಗ್ಗಿಸಿಕೊಂಡು ಕೂತ, ಬೋಳು ತಲೆ. ನಾನು ಅದರ ಬಗ್ಗೆ ಏನೋ ಹೇಳಬೇಕೆಂದಿದ್ದೆ, ಬದಲಿಗೆ ಅವನ ಲೋಟಕ್ಕೆ ಬಿಸಿನೀರು ತುಂಬಿಸಿದೆ.

"ಹಾಡೋಕೆ ಮುಂಚೆ ಅವಳ ಹೆಸರು ಹೇಳ್ತೀರಾ?" ಎಂದು ಕೇಳಿದೆ.

"ನಾನು ಹೇಳಲ್ಲ" ಎಂದ.

ನನ್ನ ಮುಖ ನೋಡಿ ಮುಂದುವರಿಸಿದ: "ನಾನು ಹೇಳಿದ್ರೆ ಜನ ನನಗೇ ಚಪ್ಪಾಳೆ ಹೊಡೀತಾರೆ. ಆಹಾ ಎಂಥ ದೊಡ್ಡ ಮನಸ್ಸು ಅಂತ. ನನಗೆ ಗೊತ್ತು ಆ ಚಪ್ಪಾಳೆ, ತುಂಬ ರುಚಿ. ದನಿ ತಿರುಚಿದವರು ನೀವು. ಮೈಕ್ ಮುಂದೆ ಬಂದು ನೀವೇ ಹೇಳಿ."

ಆಯುಷ್ಯವಿಡೀ ಸ್ಟುಡಿಯೋದ ಗಾಜಿನ ಈಚೆ ಕೂತವನು ನಾನು. ಮೈಕಿನ ಆಚೆ ನಿಂತದ್ದೇ ಇಲ್ಲ. ಆದರೂ ಹೋದೆ. ಖಾಲಿ ಕುರ್ಚಿಗಳ ಮುಂದೆ ನಿಂತು ಹೇಳಿ ನೋಡಿದೆ. ಮೊದಲು ಅವಳ ಹೆಸರು. ಆಮೇಲೆ: 'ನೀವು ಇಷ್ಟು ವರ್ಷ ಕೇಳಿದ್ದು ಇವಳ ದನಿಯಲ್ಲ. ಇವಳನ್ನು ಕೇಳದೆ ನಾನು ಅದನ್ನು ಬದಲಾಯಿಸಿದ್ದೆ. ನಿಜವಾದದ್ದು ಇವತ್ತು ಕೇಳಿ.' ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸೋಣ ಎಂದುಕೊಂಡೆ, ಒಂದೂ ನೆನಪಾಗಲಿಲ್ಲ.

"ಜೋರಾಗಿ, ಟೇಪಣ್ಣ!" ಎಂದು ಹಿಂದಿನಿಂದ ಅವನು ಕೂಗಿದ. "ಹೆಸರು ಹಿಂದಿನ ಸಾಲಿಗೆ ಕೇಳ್ಸಲ್ಲ!" ಮೈಕು ಹಿಡಿಯುವುದನ್ನು ಆ ಸೋಫಾ ನನಗೆ ಹೇಳಿಕೊಡುತ್ತದೆ, ನೋಡು. ಇನ್ನೊಮ್ಮೆ ಹೇಳಿದೆ. ಹಿಂದಿನ ಗೋಡೆಗೆ ತಾಗಿ ಅವಳ ಹೆಸರು ನನ್ನ ಕಡೆಗೇ ಬಂತು. ಹೆಸರು ನಡುಗಲಿಲ್ಲ.

ನೀನು ಇಲ್ಲಿದ್ದಿದ್ದರೆ ನಿನ್ನನ್ನು ಸ್ಪೀಕರಿನ ಪಕ್ಕ ಕೂರಿಸುತ್ತಿದ್ದೆ. ಮರದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ಅವಳ ದನಿ ಕೈಗೆ ಹತ್ತುತ್ತದೆ, ನಾನು ಇಟ್ಟು ನೋಡಿದೆ. ಮುಂದಿನ ವಾರ ಮಷೀನ್ ಕಟ್ಟಿಕೊಂಡು ನಿನ್ನಲ್ಲಿಗೆ ಬರುತ್ತೇನೆ, ಅಂಗಡಿಯ ಮೇಜನ್ನು ಖಾಲಿ ಮಾಡಿಡು. ಕಣ್ಣೂ ತೋರಿಸುತ್ತೇನೆ, ಯಾಕೆಂದರೆ ಈ ಸಾಲು ಈಗ ಮಸುಕಾಗಿ... ಇಲ್ಲ, ಕಣ್ಣಲ್ಲ. ಮೇಲಿನ ಕಿಟಕಿಗಳಿಂದ ಬರುತ್ತಿದ್ದ ಬೆಳಕು ಹೋಗುತ್ತಿದೆ. ಇಷ್ಟು ಹೊತ್ತು ಗಮನಿಸಿರಲಿಲ್ಲ. ಹೊರಗೆ ಬಾಗಿಲು ತೆರೆಯುವ ಸದ್ದು, ಜನ ಒಳಗೆ ಬರುತ್ತಿದ್ದಾರೆ.